ಬ್ಯಾಕಪ್ ಸಾಹುಕಾರರು

ಕಾರಟಗಿಯಲ್ಲಿ ಭತ್ತಕ್ಕೆ ಗೋದಾಮಿದೆ, ಅಕ್ಕಿಗೆ ಗೋದಾಮಿದೆ, ತೌಡಿಗೂ ಇದೆ. ಡೇಟಾಕ್ಕೆ ಇರುವುದು ಬ್ಯಾಕಪ್ ಸಾಹುಕಾರರ ಟ್ರಂಕು ಒಂದೇ. ಬಜಾರಿನವರು ಇಟ್ಟ ಹೆಸರಿದು. ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದೇ ಇರುತ್ತಾರೆ. ಕಸುಬು ಅಡತಿ ಅಂಗಡಿ. ಸೋನಾ ಮಸೂರಿ ಧಾರಣೆ ಕೇಳಿದರೆ, "ಅದಿರ್ಲಿ, ಮಗಳ ಮದುವಿ ವಿಡಿಯೊ ಎಲ್ಲಿಟ್ಟೀರಿ?" ಅನ್ನುತ್ತಾರೆ. ಫೋನಿನಲ್ಲಿದೆ ಅಂದಿರೋ, ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿ ಕೂತುಬಿಡುತ್ತಾರೆ.

ಟ್ರಂಕಿನ ತಳದಲ್ಲಿ 1.44 ಎಂಬಿಯ ಫ್ಲಾಪಿಗಳು. ಈಗಿನ ಫೋನು ತೆಗೆದ ಒಂದು ಫೋಟೊವೂ ಅದರಲ್ಲಿ ಹಿಡಿಸುವುದು ಕಷ್ಟ. ಅದರ ಮೇಲೆ 700 ಎಂಬಿಯ ಸಿಡಿ, ಮೇಲೆ 4.7 ಜಿಬಿಯ ಡಿವಿಡಿ, ಅದರ ಮೇಲೆ ಪೆನ್‌ಡ್ರೈವು, ಹಾರ್ಡ್‌ಡಿಸ್ಕು. ಒಂದೊಂದು ಬಂದಾಗಲೂ "ಇನ್ನ ಇದಾ ಕಡೀದು" ಎಂದು ಸಾರಿದವರು ಅವರೇ. ಸಿಡಿಯಲ್ಲಿ ಬರೆಯುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ ಎರಡೂ ಅದಕ್ಕೆ ಆಗದು. ನಮ್ಮಲ್ಲಿ ಇರುವುದೇ ಅವೆರಡು. ಪೆನ್‌ಡ್ರೈವನ್ನು ಯಾವುದಕ್ಕೂ ಚುಚ್ಚದೆ ವರ್ಷಗಟ್ಟಲೆ ಇಟ್ಟರೆ ಒಳಗಿನ ವಿದ್ಯುದಂಶ ಸೋರಿ ಹೋಗುತ್ತದೆ. ಸಾಹುಕಾರರಿಗೆ ಇದೆಲ್ಲ ಬಾಯಿಪಾಠ. ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪರಊರಲ್ಲಿ ಎಂಬ ಸೂತ್ರವನ್ನು ಚಹಾ ಅಂಗಡಿಯ ಹುಡುಗನೂ ಅವರಿಂದ ಕಲಿತಿದ್ದಾನೆ.

"ಅಶೋಕ ಸಾಮ್ರಾಟನೂ ಹಿಂಗಾ ಮಾಡ್ಯಾನ್ರಿ" ಎಂಬುದು ಅವರ ಬ್ರಹ್ಮಾಸ್ತ್ರ. ಮಾತು ಸುಳ್ಳಲ್ಲ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಒಂದೇ ಶಾಸನ. ಪಾಲ್ಕಿಗುಂಡಿನದು ಸವೆದಿದೆ, ಗವಿಮಠದ್ದು ಚೆನ್ನಾಗಿದೆ. ಮೂರನೆಯದು ಬೇಕೆಂದರೆ ಮಸ್ಕಿಗೆ ಹೋಗಿ. ಆದರೆ ಆ ಬ್ರಾಹ್ಮಿ ಲಿಪಿಯನ್ನು ಓದುವವರೇ ಇಲ್ಲದೆ ಎಷ್ಟೋ ಶತಮಾನ ಕಳೆದವು. ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ. ಗವಿಮಠದ ಕಲ್ಲಿಗೆ ಏನೂ ಆಗಿರಲಿಲ್ಲ, ಫಾರ್ಮ್ಯಾಟಿಗೆ ಆಗಿತ್ತು. ಈ ಅರ್ಧ ಕಥೆಯನ್ನು ಸಾಹುಕಾರರು ಹೇಳುವುದಿಲ್ಲ. ಯಾಕೆಂದರೆ ಅವರ ಹಳೆಯ ಖಾತೆಗಳೆಲ್ಲ ಯೂನಿಕೋಡಿಗೆ ಮುಂಚಿನ ನುಡಿ ಫಾಂಟಿನಲ್ಲಿವೆ. ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಮೂಡಿದಂಥ ಸಾಲುಗಳು. ಯಾರ ಬಾಕಿ ಎಷ್ಟು ಎಂದು ಓದಲು ಇನ್ನೊಬ್ಬ ಪ್ರಿನ್ಸೆಪ್ ಬರಬೇಕು. ಸಾಲಗಾರರು ಅಲ್ಲಿಯವರೆಗೆ ಕಾಯಲು ಸಿದ್ಧರಿದ್ದಾರೆ. ಅದೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬಹುದಲ್ಲ ಎಂದರೆ, "ಮೊದ್ಲು ಇನ್ನೊಂದು ಪ್ರತಿ ತಗಿಯೂಣು" ಅನ್ನುತ್ತಾರೆ. ಇಟ್ಟದ್ದನ್ನು ತೆರೆದು ನೋಡುವುದು ಅವರ ಮಟ್ಟಿಗೆ ನಂಬಿಕೆದ್ರೋಹ.

ಪರಊರ ಪ್ರತಿ ಗಂಗಾವತಿಯಲ್ಲಿ, ಹೆಂಡತಿಯ ತವರಿನಲ್ಲಿತ್ತು. ಹೋದ ಜಾತ್ರೆಗೆ ಹೋದಾಗ ಭಾಮೈದನ ಟ್ರ್ಯಾಕ್ಟರಿನ ಸೌಂಡ್‌ ಬಾಕ್ಸಿನಲ್ಲಿ ಅದು ಮಿಣಮಿಣ ಮಿನುಗುತ್ತಿತ್ತು. "ಒಳಗ ಏನೇನೋ ಭಾಳ ತುಂಬಿತ್ತು ಮಾಮಾ, ಹಾಡಿಗೆ ಜಾಗಾನ ಇರ್ಲಿಲ್ಲ. ಎಲ್ಲಾ ಅಳಿಸಿ ಸ್ವಚ್ಛ ಮಾಡೀನಿ" ಎಂದ ಭಾಮೈದನ ಮಗ, ಶಾಭಾಸ್‌ಗಿರಿಗಾಗಿ ಕಾಯುತ್ತ.

ಸಾಹುಕಾರರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, ಹಾಡುಗಳಿಗೆ ಬ್ಯಾಕಪ್ ಐತೇನು ಎಂದು ವಿಚಾರಿಸಿದರು. ಇಲ್ಲವೆಂದು ತಿಳಿದು, ಊರಿಗೆ ಬಂದವರೇ ಮೂರು ಪ್ರತಿ ಮಾಡಿಟ್ಟರು.