ಬಂಗಾರಪೇಟೆ–ರಾಬರ್ಟ್‌ಸನ್‌ಪೇಟೆ ವಾಯುಮಾರ್ಗ ಮೀಮಾಂಸೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 14,000 ಕಿ.ಮೀ., ನಿಲ್ಲದೆ ಹಾರಿದರೆ ಹದಿನೇಳು ಗಂಟೆ ಚಿಲ್ಲರೆ ಎಂದು ಅಳೆದು ವಾಯುಯಾನ ಪಂಡಿತರು ಬೀಗುತ್ತಿದ್ದಾರೆ. ದೊಡ್ಡ ದೂರ ಅಳೆಯುವುದೇನು ಮಹಾ! ಬಂಗಾರಪೇಟೆಯಿಂದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂಬ ಗಹನ ಪ್ರಶ್ನೆಗೆ ಕೈಹಾಕುವ ಎದೆಗಾರಿಕೆ ಅವರಲ್ಲಿಲ್ಲ. ಆ ಭಾರ ಈ ಬಡ ಪ್ರಬಂಧಕಾರನ ಹೆಗಲಿಗೆ ಬಿತ್ತು.

ಪೂರ್ವಪಕ್ಷ: ರೈಲಿದೆಯಲ್ಲ? ಇದೆ. 1894ರ ಹಳಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ 16 ಕಿ.ಮೀ. ಬಳಸಿಕೊಂಡು ಹೋಗುತ್ತದೆ. ನಕ್ಷೆಯ ಮೇಲೆ ಅಡಿಕೋಲಿಟ್ಟರೆ ರಾಬರ್ಟ್‌ಸನ್‌ಪೇಟೆ ಸುಮಾರು 11 ಕಿ.ಮೀ. ಗಂಟೆಗೆ 900 ಕಿ.ಮೀ. ಹಾರುವ ಜೆಟ್ಟಿಗೆ ಇದು 44 ಸೆಕೆಂಡಿನ ದಾರಿ. ಸೀಟ್ ಬೆಲ್ಟ್ ಕಟ್ಟುವ ಕ್ರಮವನ್ನು ಗಗನಸಖಿ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಊರು ಬಂದಿರುತ್ತದೆ. ತಮಿಳಿನಲ್ಲೂ ಹೇಳದಿದ್ದರೆ ಕೆಜಿಎಫ್‌ನವರು ಬಿಡುವುದಿಲ್ಲ.

ಕಷ್ಟವಿರುವುದು ಇಳಿಯುವುದರಲ್ಲಿ. ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಇಳಿಯುತ್ತದೆ. 10 ಕಿ.ಮೀ. ಎತ್ತರದಿಂದ ನೆಲ ಮುಟ್ಟಲು ಆ ಲೆಕ್ಕದಲ್ಲಿ ಸುಮಾರು 190 ಕಿ.ಮೀ. ಬೇಕು. ಪಡುವಣದಿಂದ ಬರುವ ವಿಮಾನವಾದ್ದರಿಂದ ಶ್ರವಣಬೆಳಗೊಳದ ಗೊಮ್ಮಟನ ನೆತ್ತಿಯ ಮೇಲಿನಿಂದಲೇ ಇಳಿಯಲು ಶುರುಮಾಡಬೇಕು. ಅರ್ಥಾತ್, ಬಂಗಾರಪೇಟೆಯಲ್ಲಿ ಏರುವ ಮೊದಲೇ ಅದು ಅರ್ಧಕ್ಕಿಂತ ಹೆಚ್ಚು ಇಳಿದಾಗಿರಬೇಕು. ತಾರ್ಕಿಕರು ಇದನ್ನು ಅಸಂಭವ ದೋಷ ಎಂದಾರು. ನಾವು ವೇಳಾಪಟ್ಟಿ ಎನ್ನುತ್ತೇವೆ.

ಆಕಾಶಮಾರ್ಗವಾಗಿ ಕೆಜಿಎಫ್‌ಗೆ ಬಂದವರೇ ಇಲ್ಲವೆನ್ನುವುದೂ ತಪ್ಪು. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆಯೇ ಬಂದು ಗಣಿಯೊಳಗೆ ಇಳಿಯಿತು. ಟಿಕೆಟ್ಟಿಲ್ಲ, ಲಗೇಜಿಲ್ಲ, ದಾರಿಯಲ್ಲಿ ಬೆಂಗಳೂರನ್ನು ತಿರುಗಿಯೂ ನೋಡಲಿಲ್ಲ. ರಾಜಧಾನಿಯ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು.

ಇನ್ನು ಕೆಜಿಎಫ್‌ನವರಿಗೆ ದೂರವೆಂದರೆ ಅಡ್ಡ ಅಳತೆಯೇ ಅಲ್ಲ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಮೇಲು. ಅದರ ತಳದಿಂದ ಮೇಲೆ ಹಾರುವ ವಿಮಾನದ ಹೊಟ್ಟೆಯವರೆಗೆ ನೂಲು ಹಿಡಿದರೆ ಹದಿಮೂರು ಕಿ.ಮೀ. ಹತ್ತಿರವಾದೀತು. ಅಂದಮೇಲೆ ಇವರಿಗೆ ಬಂಗಾರಪೇಟೆ ತಮ್ಮ ತಲೆಯ ಮೇಲಿನ ವಿಮಾನಕ್ಕಿಂತ ಸಮೀಪ. 2001ರಲ್ಲಿ ಗಣಿ ಮುಚ್ಚಿತು. ಅಪ್ಪ ಕೇಜಿನಲ್ಲಿ ನಿಂತು ಕೆಳಕ್ಕೆ ಹೋಗುತ್ತಿದ್ದ, ಮಗ ನಸುಕಿನ ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗುತ್ತಾನೆ. ಇಬ್ಬರಿಗೂ ಸೀಟು ಸಿಕ್ಕಿಲ್ಲ.

ಕೊನೆಯ ಆಕ್ಷೇಪ: ಟಿಕೆಟ್ ಕೊಂಡು ಹತ್ತುವ ವಿಮಾನ ಎರಡೂ ಊರಲ್ಲಿಲ್ಲ. ಸಮಾಧಾನ: ಬಂಗಾರಪೇಟೆಯವರು ಟ್ಯಾಕ್ಸಿಯಲ್ಲಿ ದೇವನಹಳ್ಳಿಗೆ ಹೋಗತಕ್ಕದ್ದು. ಎರಡು ಗಂಟೆ ಮುಂಚೆ ತಲುಪಿ, ಬೆಲ್ಟು ಬಿಚ್ಚಿ, ಕಟ್ಟಿ, ವಿಮಾನ ಹತ್ತಿ, ಮೇಲಿನಿಂದ ಎರಡೂ ಪೇಟೆಗಳನ್ನು 44 ಸೆಕೆಂಡಿನಲ್ಲಿ ದಾಟಿ, ಮತ್ತೆ ದೇವನಹಳ್ಳಿಗೇ ಬಂದಿಳಿದು, ಕೋಲಾರದ ಮೇಲೆ ರಾಬರ್ಟ್‌ಸನ್‌ಪೇಟೆಗೆ ಟ್ಯಾಕ್ಸಿ ಹಿಡಿಯತಕ್ಕದ್ದು. ಒಟ್ಟು ಒಂದು ಹಗಲು ಮತ್ತು 44 ಸೆಕೆಂಡು.

ಈ ಟ್ಯಾಕ್ಸಿ ಬಂಗಾರಪೇಟೆಯನ್ನು ಹಾದೇ ಹೋಗಬೇಕಷ್ಟೆ. ಅಲ್ಲಿಯ ಪಾನಿಪುರಿಯ ಪಾನಿ ಬಿಸ್ಲೇರಿಯಂತೆ ತಿಳಿ, ಬಾಯಿಗಿಟ್ಟರೆ ಮಾತ್ರ ಕಣ್ಣಲ್ಲಿ ನೀರು. ಚಾಲಕ ಅಲ್ಲಿ ನಿಲ್ಲಿಸದೆ ಮುಂದಕ್ಕೆ ಹೋಗುವವನಲ್ಲ. ಆ ನಿಲುಗಡೆಯನ್ನು ವಾಯುಪ್ರಯಾಣದ ಅವಧಿಗೆ ಸೇರಿಸಬೇಕೇ ಬೇಡವೇ ಎಂಬಲ್ಲಿ ಮತಭೇದವಿದೆ. ಸೇರಿಸಲೇಬೇಕೆಂಬುದು ಚಾಲಕನ ಮತ. ವೇಟಿಂಗ್ ಚಾರ್ಜು ಅವನದು.