ಎಕ್ಸೆಲ್ ಭಾವ

ಪ್ರತಿ ಮನೆತನದಲ್ಲೂ ಅಂಥವರೊಬ್ಬರು ಇರುತ್ತಾರೆ. ಧರ್ಮಸ್ಥಳಕ್ಕೆ ಹೊರಡುವ ಮಾತು ಬಂದರೆ ಸಾಕು, ಹಾಸನದಲ್ಲಿ ತಿಂಡಿ ಎಷ್ಟು ಗಂಟೆಗೆ, ಶಿರಾಡಿ ಘಾಟಿಯಲ್ಲಿ ಯಾರಿಗೆ ವಾಂತಿ ಬರುತ್ತದೆ, ಅವರಿಗೆ ಯಾವ ಕಿಟಕಿ, ನಿಂಬೆಹಣ್ಣು ಯಾರ ಚೀಲದಲ್ಲಿ ಎಂಬುದನ್ನೆಲ್ಲ ತಿಂಗಳ ಮುಂಚೆಯೇ ತೀರ್ಮಾನ ಮಾಡಿಟ್ಟಿರುತ್ತಾರೆ. ದೇವರ ದರ್ಶನವಾಯಿತು ಎನ್ನುವುದಕ್ಕಿಂತ, ಹನ್ನೊಂದೂಕಾಲಿಗೆ ಆಗಬೇಕಾಗಿದ್ದ ದರ್ಶನ ಐದು ನಿಮಿಷ ಮುಂಚೆಯೇ ಆಯಿತಲ್ಲ ಎನ್ನುವುದರಲ್ಲಿ ಅವರಿಗೆ ಪುಣ್ಯ ಹೆಚ್ಚು. ನಮ್ಮ ಮನೆತನದಲ್ಲಿ ಈ ಹುದ್ದೆ ಭಾವನವರದು. ಈಗ ಅಕ್ಕ, ಭಾವ, ಮಕ್ಕಳು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ. ಭಾವ ಸಮುದ್ರ ದಾಟಿದರು, ಸ್ವಭಾವ ದಾಟಲಿಲ್ಲ. ಹಳೇ ಡೈರಿಯ ಕೊನೆ ಹಾಳೆಯಲ್ಲಿದ್ದ ನಿಂಬೆಹಣ್ಣಿನ ಲೆಕ್ಕ ಎಕ್ಸೆಲ್‌ಗೆ ಬಡ್ತಿ ಪಡೆಯಿತು, ಅಷ್ಟೆ.

ಮಕ್ಕಳ ಶಾಲೆಯ ರಜೆಯಲ್ಲಿ ಮೂರು ದಿನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿಬರುವುದೆಂದು ಭಾವ ನಿರ್ಧರಿಸಿದರು. ರೈಲಿನಲ್ಲಿ ಸುಮಾರು ನಾಲ್ಕು ತಾಸಿನ ದಾರಿ. ನಿರ್ಧಾರ ಆದಮೇಲೆ, ಪ್ರಜಾಪ್ರಭುತ್ವ ಇರಲಿ ಎಂದು ಮನೆಮಂದಿಯ ಸಭೆ ಕರೆದರು. ಮಗಳಿಗೆ ಹದಿನಾರು, ಮಗನಿಗೆ ಹದಿಮೂರು. ಆ ವಯಸ್ಸಿನವರು ಸಭೆಗಳಲ್ಲಿ ಮಾತಾಡುವುದು ಕಡಿಮೆ. ಮಗಳು ಫೋನಿನಿಂದ ಕಣ್ಣೆತ್ತದೆ "ಓಕೆ" ಅಂದಳು. ಮಗ "ಹೋಟೆಲಲ್ಲಿ ವೈಫೈ ಇರತ್ತಾ?" ಎಂದ. ಅಕ್ಕ, "ರೀ, ಮೊದಲು ಒಲೆ ಮೇಲಿನ ಹಾಲು ನೋಡಿ" ಎಂದಳು. ಭಾವ ನಡಾವಳಿಯಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದುಕೊಂಡರು. ಆ ಕಡತದ ಕೊಂಡಿ ಅದೇ ರಾತ್ರಿ ಬೆಂಗಳೂರಿನಲ್ಲಿರುವ ನನಗೂ ಬಂತು. ನೋಡಬಹುದು, ತಿದ್ದುವಂತಿಲ್ಲ.

ಕಡತದಲ್ಲಿ ಹಾಳೆಗಳು ಹಲವು: ಸಾರಿಗೆ, ಊಟ, ಮಳೆ ಬಂದರೆ, ಮಳೆ ಬರದಿದ್ದರೆ, ಮಕ್ಕಳು ಮುನಿಸಿಕೊಂಡರೆ. "ಕಾಲುವೆಗಳು" ಎಂಬ ಹಾಳೆಗೆ ಪ್ರತ್ಯೇಕ ಬಣ್ಣ. ಹದಿನೇಳನೇ ಶತಮಾನದಲ್ಲಿ ಊರನ್ನು ಸುತ್ತುವರಿಯುವಂತೆ ತೋಡಿದ ಹೇರನ್‌ಗ್ರಾಕ್ಟ್, ಕೈಜರ್ಸ್‌ಗ್ರಾಕ್ಟ್, ಪ್ರಿನ್ಸನ್‌ಗ್ರಾಕ್ಟ್ ಎಂಬ ಮೂರು ಕಾಲುವೆಗಳು; 2010ರಲ್ಲಿ ಯುನೆಸ್ಕೊ ಆ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು ಎಂಬುದು ಅದರ ಮುಂದಿನ ಕಾಲಂ. ಜೌಗು ನೆಲದ ಊರಾದ್ದರಿಂದ ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವು ಮರದ ಕಂಬಗಳ ಮೇಲೆ ನಿಂತಿವೆ. ಡಾಮ್ ಚೌಕದ ಅರಮನೆಯ ಅಡಿಯಲ್ಲಿ ಇಂಥ ಕಂಬಗಳು 13,659. ಈ ಸಂಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡಬೇಕೆಂದು ಭಾವನ ಅಪ್ಪಣೆಯಾಯಿತು. ಮಗ, "ಅಪ್ಪಾ, ನಮ್ಮನೆ ವೈಫೈ ಪಾಸ್‌ವರ್ಡಿಗೆ ಇದನ್ನೇ ಸೇರಿಸಿಬಿಡಿ, ತಾನಾಗೇ ನೆನಪಿರತ್ತೆ" ಎಂದ. ಭಾವ ಸೇರಿಸಿದರು. ಇವತ್ತು ಆ ಮನೆಗೆ ಬರುವ ನೆಂಟರಿಷ್ಟರೂ ಡಚ್ ಅರಮನೆಯ ಕಂಬಗಳ ಲೆಕ್ಕ ತಪ್ಪಿಲ್ಲದೆ ಹೇಳುತ್ತಾರೆ.

ಇಷ್ಟೆಲ್ಲದರ ನಡುವೆ ಮಗಳು ತಾನಾಗಿ ಕೇಳಿದ್ದು ಒಂದೇ ಒಂದು: ಆನ್ ಫ್ರಾಂಕ್ ಅಡಗಿದ್ದ ಮನೆ ನೋಡಬೇಕು. ಆನ್ ಹುಟ್ಟಿದ್ದು 1929ರಲ್ಲಿ, ಇವರಿರುವ ಫ್ರಾಂಕ್‌ಫರ್ಟ್‌ನಲ್ಲೇ. ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ ಆ ಯಹೂದಿ ಕುಟುಂಬ ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. ಅಡಗಿದ್ದಾಗ ಆನ್ ಬರೆದ ದಿನಚರಿಯನ್ನು ಮಗಳು ಶಾಲೆಯಲ್ಲಿ ಓದಿದ್ದಳು. ಭಾವ ವಿಚಾರಿಸಿದಾಗ ತಿಳಿದದ್ದು: ಆ ಮನೆಯ ಟಿಕೆಟ್ಟು ಬಾಗಿಲಲ್ಲಿ ಸಿಗುವುದಿಲ್ಲ, ಆನ್‌ಲೈನ್ ಮಾತ್ರ. ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಆರು ವಾರದ ಮುಂದಿನ ದಿನಗಳದ್ದು ಬಿಡುಗಡೆಯಾಗುತ್ತದೆ.

ಹತ್ತು ಗಂಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವನ ಮೈಯಲ್ಲಿ ಹಳೆಯ ರಕ್ತ ಹರಿಯಿತು. ಹುಬ್ಬಳ್ಳಿಗೆ, ಮುಂಬಯಿಗೆ ತತ್ಕಾಲ್ ಟಿಕೆಟ್ ಹೊಡೆದು ಪಳಗಿದ ಕೈ ಅದು. ಆ ಮಂಗಳವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿದರು. ಲ್ಯಾಪ್‌ಟಾಪಿನಲ್ಲಿ ತಾವು, ಫೋನಿನಲ್ಲಿ ಅಕ್ಕ, ಟ್ಯಾಬ್‌ನಲ್ಲಿ ಮಗಳು, ಆಟದ ಕಂಪ್ಯೂಟರಿನಲ್ಲಿ ಮಗ. ಒಂಬತ್ತು ಐವತ್ತೈದಕ್ಕೆ ದೇವರ ಮನೆಯಲ್ಲಿ ದೀಪ. ಹತ್ತಾಯಿತು. ಭಾವನ ಪರದೆಯಲ್ಲಿ ಚಕ್ರ ಸುತ್ತತೊಡಗಿತು. ಅಕ್ಕನ ಫೋನಿಗೆ ಅದೇ ಹೊತ್ತಿಗೆ ನಮ್ಮಮ್ಮ ಕರೆ ಮಾಡಿ ಹುಳಿಪುಡಿ ತಲುಪಿತೇ ಎಂದು ಕೇಳಿದರು. ಮಗ ಮಾತ್ರ, ಪರೀಕ್ಷೆಗೆ ಓದದೆ ವರ್ಷಗಟ್ಟಲೆ ಗಳಿಸಿಕೊಂಡ ಬೆರಳಿನ ವೇಗದಲ್ಲಿ, ನಾಲ್ಕು ಟಿಕೆಟ್ ಹಿಡಿದುಬಿಟ್ಟ. ಕಡತದಲ್ಲಿ "ಟಿಕೆಟ್ ಪಡೆದವರು" ಎಂಬ ಕಾಲಂನಲ್ಲಿ ಈಗಲೂ ಭಾವನ ಹೆಸರಿದೆ.

ಹಣಕಾಸಿನ ಹಾಳೆ ಓದುವಂಥದ್ದು. ರೈಕ್ಸ್ ಮ್ಯೂಸಿಯಂ, ವಾನ್‌ಗಾಗ್ ಮ್ಯೂಸಿಯಂ ಎರಡಕ್ಕೂ ಹದಿನೆಂಟರೊಳಗಿನವರಿಗೆ ಪ್ರವೇಶ ಉಚಿತ. ಇದನ್ನು ಕಂಡ ದಿನ ಭಾವ ಮಕ್ಕಳನ್ನು ಎಂದಿಗಿಂತ ಹೆಚ್ಚು ಪ್ರೀತಿಯಿಂದ ನೋಡಿದರಂತೆ. ಹೋಟೆಲಿನ ವಿಷಯಕ್ಕೆ ಬಂದಾಗ ಮುಖ ಸಪ್ಪಗಾಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೋಣೆಯ ಬಾಡಿಗೆಯ ಮೇಲೆ ನೂರಕ್ಕೆ 12.5ರಂತೆ ಪ್ರವಾಸಿ ತೆರಿಗೆ ಇದೆ. ಮೂರು ದಿನ ತಾನು ಪ್ರವಾಸಿ ಎಂದು ಒಪ್ಪಿಕೊಂಡದ್ದಕ್ಕೆ ದಂಡವೇ ಎಂದು ಭಾವ ಕೆರಳಿ, ಪಕ್ಕದ ಜಾನ್‌ಡ್ಯಾಮ್‌ನಲ್ಲಿ ಅಗ್ಗದ ಕೋಣೆ ಹುಡುಕಿದರು. ಅಕ್ಕ ತರಕಾರಿ ಬಿಲ್ಲಿನ ಹಿಂದೆ ನಾಲ್ಕೇ ಸಾಲಿನ ಲೆಕ್ಕ ಹಾಕಿ, "ನಾಲ್ಕು ಜನ ದಿನಾ ರೈಲಲ್ಲಿ ಬಂದು ಹೋದ್ರೆ ಉಳಿಸಿದ್ದೆಲ್ಲ ರೈಲಿಗೇ ಆಯ್ತಲ್ರೀ" ಎಂದಳು. ಎಕ್ಸೆಲ್ ಕಡತದ ಇತಿಹಾಸದಲ್ಲಿ ತರಕಾರಿ ಬಿಲ್ಲು ಗೆದ್ದದ್ದು ಅದೊಂದೇ ಸಲ. ಅಕ್ಕನ ಪಾಲಿನ ತಯಾರಿಗೆ ಯಾವ ಹಾಳೆಯೂ ಬೇಕಾಗಲಿಲ್ಲ. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ನೀರು ಕಾಯಿಸುವ ಕೆಟಲ್. ಮುಗಿಯಿತು.

ಇನ್ನು, ಯಾರಿಗೂ ತೋರಿಸದ ಒಂದು ಹಾಳೆಯಿತ್ತು. ನನಗೆ ಮಾತ್ರ ಬೇರೆಯಾಗಿ ಕಳಿಸಿ, "ಓದಿ ಅಳಿಸಿಬಿಡು" ಎಂದಿದ್ದರು. ಅದು ಊರಿನ ನಕ್ಷೆ. ಗಾಂಜಾ ಮಾರುವ ಕಾಫಿಶಾಪುಗಳಿಗೆಲ್ಲ ಚುಕ್ಕೆ, ಡಿ ವಾಲನ್ ಎಂಬ ಕೆಂಪುದೀಪದ ಪ್ರದೇಶಕ್ಕೆ ಅಡ್ಡಗೆರೆ. ಬೆಳೆದ ಮಕ್ಕಳ ಕಣ್ಣಿಗೆ ಅದ್ಯಾವುದೂ ಬೀಳದಂತೆ ಬಳಸುದಾರಿಗಳನ್ನು ಹಸಿರು ಬಣ್ಣದಲ್ಲಿ ಹಾಕಿದ್ದರು. ಇಷ್ಟು ಮಾಡಿದವರು ಇನ್ನೊಂದು ಕಡೆ, "ಸಂಸ್ಕೃತಿ" ಎಂಬ ಹಾಳೆಯಲ್ಲಿ, ಔಡ ಕೆರ್ಕ್ ಎಂಬ ಚರ್ಚನ್ನೂ ಸೇರಿಸಿದ್ದರು. 1306ರಲ್ಲಿ ಪ್ರತಿಷ್ಠೆಯಾದ, ಊರಿನ ಅತ್ಯಂತ ಹಳೆಯ ಕಟ್ಟಡ. ರೆಂಬ್ರಾಂಟನ ಹೆಂಡತಿ ಸಾಸ್ಕಿಯಾಳನ್ನು ಮಣ್ಣುಮಾಡಿದ್ದು ಅಲ್ಲಿ, 1642ರಲ್ಲಿ. ಆತ "ನೈಟ್ ವಾಚ್" ಎಂಬ ಪ್ರಸಿದ್ಧ ಚಿತ್ರ ಮುಗಿಸಿದ್ದೂ ಅದೇ ವರ್ಷ. ಬೆಳಗ್ಗೆ ರೈಕ್ಸ್ ಮ್ಯೂಸಿಯಂನಲ್ಲಿ ಚಿತ್ರ, ಸಂಜೆ ಚರ್ಚಿನಲ್ಲಿ ಸಮಾಧಿ; ಒಂದೇ ದಿನ, ಒಂದೇ ಇಸವಿ. ಈ ಜೋಡಣೆಗೆ ಭಾವ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು. ಆ ಚರ್ಚು ಇರುವುದೇ ಡಿ ವಾಲನ್‌ನ ನಟ್ಟನಡುವೆ ಎಂಬುದು, ಒಂದು ಹಾಳೆಯಲ್ಲಿದ್ದದ್ದು ಇನ್ನೊಂದು ಹಾಳೆಗೆ ಗೊತ್ತಿಲ್ಲದ ಕಾರಣ, ಅವರ ಗಮನಕ್ಕೆ ಬಂದಿರಲಿಲ್ಲ.

ಮುಂದಿನದೆಲ್ಲ ಸೋದರಸೊಸೆ ಫೋನಿನಲ್ಲಿ ಹೇಳಿದ್ದು. ಚರ್ಚಿನ ಗೋಪುರ ನೋಡುತ್ತ ನಡೆದ ಭಾವ, ಕಣ್ಣಿಳಿಸಿದಾಗ ಕೆಂಪು ಕಿಟಕಿಗಳ ಸಾಲಿನ ಎದುರು ಕ್ಯಾಮೆರಾ ಹಿಡಿದು ನಿಂತಿದ್ದರು. "ಅಪ್ಪಾ, ಇದು ರೆಡ್‌ಲೈಟ್ ಏರಿಯಾ. ಇಲ್ಲಿ ಫೋಟೊ ತೆಗೀಬಾರ್ದು. ಕ್ಯಾಮೆರಾ ಒಳಗಿಡಿ" ಎಂದು ಮಗಳೇ ಅವರ ತೋಳು ಹಿಡಿದು ಸೇತುವೆ ದಾಟಿಸಿದಳು. "ನಿಂಗೆ ಹೇಗೆ ಗೊತ್ತು?" ಎಂದು ಭಾವ ಕೇಳಿದ್ದಕ್ಕೆ, "ಎಲ್ಲರಿಗೂ ಗೊತ್ತು ಅಪ್ಪಾ, ನಿಮ್ಮೊಬ್ಬರನ್ನ ಬಿಟ್ಟು" ಎಂದಳಂತೆ. ಅಕ್ಕ ಆ ದಿನವಿಡೀ ಚರ್ಚುಗಳ ಬಗ್ಗೆ ಅತಿ ಆಸಕ್ತಿಯಿಂದ ಪ್ರಶ್ನೆ ಕೇಳುತ್ತಿದ್ದಳು.

ಉಳಿದ ಕಾರ್ಯಕ್ರಮವೂ ಹೀಗೇ ನಡೆಯಿತು. ಬೆಳಗ್ಗೆ ಆರೂವರೆಗೆ ಏಳಬೇಕೆಂದು ಕಾಲಂ ಇತ್ತು. ಹದಿಹರೆಯದವರನ್ನು ರಜೆಯಲ್ಲಿ ಆರೂವರೆಗೆ ಎಬ್ಬಿಸುವ ಸೂತ್ರ ಎಕ್ಸೆಲ್‌ನಲ್ಲಿ ಇಲ್ಲ. ಬಾಡಿಗೆ ಸೈಕಲ್ ತೆಗೆದುಕೊಂಡರು. "ನಾನು ಬಸವನಗುಡೀಲಿ ಡಬಲ್ ರೈಡ್ ಹೋದವನು" ಎಂದು ಹತ್ತಿದ ಭಾವ, ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುವ ಡಚ್ ಸೈಕಲ್ಲಿನ ಮೇಲೆ ಕೈಬ್ರೇಕು ಹುಡುಕುತ್ತ ಸೀದಾ ಹೂವಿನಂಗಡಿ ಹೊಕ್ಕರು. ರೈಕ್ಸ್ ಮ್ಯೂಸಿಯಂ ಕಟ್ಟಡದ ಹೊಟ್ಟೆಯನ್ನೇ ಸೀಳಿಕೊಂಡು ಸೈಕಲ್ ದಾರಿಯೊಂದು ಹೋಗುತ್ತದೆ. ಕುಟುಂಬದ ಫೋಟೊಗೆ ಬೆಳಕು ಚೆನ್ನಾಗಿದೆಯೆಂದು ಎಲ್ಲರನ್ನೂ ಅದರ ಮಧ್ಯೆಯೇ ನಿಲ್ಲಿಸಿದರು. ಫೋಟೊದಲ್ಲಿ ನಾಲ್ವರೂ ನಾಲ್ಕು ದಿಕ್ಕಿಗೆ ಹಾರುತ್ತಿದ್ದಾರೆ. ವಾನ್‌ಗಾಗ್ ಮ್ಯೂಸಿಯಂನಲ್ಲಿ "ಸ್ಟಾರಿ ನೈಟ್" ಚಿತ್ರದ ಎದುರು ಕೊಡಲೆಂದು ಹತ್ತು ನಿಮಿಷದ ಉಪನ್ಯಾಸ ಸಿದ್ಧಪಡಿಸಿದ್ದರು. ಆ ಚಿತ್ರ ಇರುವುದು ನ್ಯೂಯಾರ್ಕಿನಲ್ಲಿ. ಬದಲಿಗೆ ಅಲ್ಲಿದ್ದದ್ದು 1885ರ "ಆಲೂಗಡ್ಡೆ ತಿನ್ನುವವರು". ಅದನ್ನು ನೋಡಿ ಮಗ, "ಪಾಪ, ಅವರೂ ಹೋಟೆಲ್ ರೂಮಲ್ಲಿ ಅಮ್ಮ ಕೊಟ್ಟಿದ್ದನ್ನೇ ತಿಂತಿದಾರೆ" ಎಂದು, ಹೊರಗೆ ಬಂದದ್ದೇ ಮೇಯನೇಸ್ ಸುರಿದ ಫ್ರೈಸ್ ಕೊಡಿಸಿಕೊಂಡ.

ಮಕ್ಕಳಿಗೆ ಇಷ್ಟವಾದದ್ದು ಯಾವುದೂ ಕಡತದಲ್ಲಿರಲಿಲ್ಲ. ಒಂದು ಕಾಲುವೆಯಲ್ಲಿ ಕ್ರೇನ್ ಹೊತ್ತ ದೋಣಿಯೊಂದು ಕಬ್ಬಿಣದ ಪಂಜ ಇಳಿಸಿ, ನೀರಿನಡಿಯಿಂದ ತುಕ್ಕು ಹಿಡಿದ ಸೈಕಲ್ಲುಗಳನ್ನು ಎತ್ತೆತ್ತಿ ಹಾಕುತ್ತಿತ್ತು. ಆ ಊರಿನ ಕಾಲುವೆಗಳಿಂದ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಸೈಕಲ್ ತೆಗೆಯುತ್ತಾರೆ. ಮಗ ಅಲ್ಲಿಂದ ಕದಲಲಿಲ್ಲ. ಪ್ರತಿ ಸೈಕಲ್ಲಿಗೂ ಚಪ್ಪಾಳೆ. ಮತ್ತೊಂದು, ಸೆಂಟ್ರಲ್ ಸ್ಟೇಷನ್ನಿನ ಹಿಂದಿನಿಂದ ಐ ಎಂಬ ಜಲಮಾರ್ಗದ ಆಚೆ ದಡಕ್ಕೆ ಬಿಡುವ ದೋಣಿ. ಟಿಕೆಟ್ಟೇ ಇಲ್ಲ, ಸೈಕಲ್ ಸಮೇತ ಹತ್ತಬಹುದು. ಮಕ್ಕಳು ಅತ್ತ ಹೋಗುವುದು, ಇತ್ತ ಬರುವುದು, ಮತ್ತೆ ಹೋಗುವುದು. ದುಡ್ಡು ಕೊಟ್ಟು ಕಾಯ್ದಿರಿಸಿದ್ದ ಕಾಲುವೆ ವಿಹಾರದಲ್ಲಿ ಇಬ್ಬರೂ ನಿದ್ದೆ ಹೊಡೆದಿದ್ದರು.

ಆನ್ ಫ್ರಾಂಕ್ ಮನೆಯ ಮಾತೇ ಬೇರೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ಮಗಳ ಫೋನು ಚೀಲದಲ್ಲೇ ಉಳಿಯಿತು. ಆನ್ ತನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ಸಿನಿಮಾ ತಾರೆಯರ ಚಿತ್ರಗಳು ಇನ್ನೂ ಇವೆ. "ಮಾಮ, ನನ್ನ ರೂಮಿನ ಗೋಡೆ ಥರಾನೇ ಇತ್ತು" ಎಂದಷ್ಟೇ ನನಗೆ ಹೇಳಿದಳು. ಭಾವ ನಿಂತುಬಿಟ್ಟದ್ದು ಇನ್ನೊಂದು ಗೋಡೆಯ ಮುಂದೆ. ಅಡಗಿದ್ದ ಎರಡು ವರ್ಷಗಳಲ್ಲಿ ಆನ್ ಮತ್ತು ಅವಳ ಅಕ್ಕ ಎಷ್ಟೆಷ್ಟು ಎತ್ತರವಾದರೆಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ದಿನಾಂಕ ಬರೆದ ಗೋಡೆಯದು. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದಾಗ ಆನ್‌ಗೆ ಹದಿನೈದು. ಲೆಕ್ಕ ಬರೆದಿಡುವ ತಂದೆಯೊಬ್ಬರು ಇನ್ನೊಬ್ಬ ತಂದೆಯ ಲೆಕ್ಕವನ್ನು ಓದಿದರು. ಆಮೇಲಿನ ಪ್ಯಾನ್‌ಕೇಕ್ ಅಂಗಡಿಯ ಹೊತ್ತು ಮೀರಿಹೋಯಿತು. ಭಾವ ಗಡಿಯಾರ ನೋಡಲಿಲ್ಲ ಎಂದು ಅಕ್ಕ ಆಶ್ಚರ್ಯದಿಂದ ಹೇಳಿದಳು.

ಭಾವ ಬದಲಾದರು ಎಂದು ತಿಳಿಯಬೇಡಿ. ಈ ಜಾತಿಯವರ ನಿಜವಾದ ಪ್ರತಿಭೆ ಕಾಣುವುದು ಪ್ರವಾಸ ಮುಗಿದಮೇಲೆ. ಊರಿಗೆ ಬಂದ ರಾತ್ರಿಯೇ ಕೂತು, ಸೈಕಲ್ ಎತ್ತುವ ದೋಣಿಗೆ ಅರ್ಧ ಗಂಟೆ, ಉಚಿತ ದೋಣಿಗೆ ಒಂದು ಸಂಜೆ, "ಸ್ಥಳೀಯ ಹೂವಿನಂಗಡಿಗೆ ಭೇಟಿ"ಗೆ ಹತ್ತು ನಿಮಿಷ ಸೇರಿಸಿ, ಏಳುವ ಹೊತ್ತನ್ನು ಹತ್ತಕ್ಕೆ ತಿದ್ದಿ, "ಎಲ್ಲವೂ ಯೋಜನೆಯಂತೆ ನಡೆಯಿತು" ಎಂದು ಷರಾ ಬರೆದು ಬಂಧುಬಳಗಕ್ಕೆಲ್ಲ ಕಳಿಸಿದರು. ಚರ್ಚಿನ ಸಾಲು ಮಾತ್ರ ಕಾಣೆಯಾಗಿತ್ತು.

ಹದಿಹರೆಯದ ಮಕ್ಕಳನ್ನು ಕಟ್ಟಿಕೊಂಡು ಆ ಊರಿಗೆ ಹೊರಡುವವರು ಇದ್ದರೆ, ಅಷ್ಟೂ ಹಾಳೆಗಳ ಸಾರ ಇಷ್ಟೇ: ಆನ್ ಫ್ರಾಂಕ್ ಮನೆಗೆ, ವಾನ್‌ಗಾಗ್ ಮ್ಯೂಸಿಯಂಗೆ ಮುಂಗಡ ಟಿಕೆಟ್ ತೆಗೆಯಿರಿ, ಉಚಿತದ ಮಕ್ಕಳಿಗೂ ಹೊತ್ತು ಕಾಯ್ದಿರಿಸಿ. ಬೆಳಗ್ಗೆ ಹತ್ತರೊಳಗೆ ಏನನ್ನೂ ಇಟ್ಟುಕೊಳ್ಳಬೇಡಿ. ದಿನಕ್ಕೊಂದು ನೋಡಿ, ಉಳಿದ ಹೊತ್ತು ಮಕ್ಕಳು ಹೋದ ಕಡೆ ಹಿಂದೆ ಹಿಂದೆ ನಡೆಯಿರಿ. ಭಾವನಂಥವರು ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಅವರ ಲ್ಯಾಪ್‌ಟಾಪ್ ಮುಚ್ಚಿಸಬೇಡಿ. ಮಂಗಳವಾರ ಹತ್ತು ಗಂಟೆ ಎಂದು ನೆನಪಿಟ್ಟುಕೊಂಡು ಮನೆಮಂದಿಯನ್ನೆಲ್ಲ ಪರದೆಯ ಮುಂದೆ ಕೂರಿಸಲು ಅವರೇ ಬೇಕು. ಟಿಕೆಟ್ ಹೊಡೆಯುವ ಕೆಲಸ ಮಾತ್ರ ಮಗನಿಗೆ ಬಿಡಿ.