ಚಂದ್ರನಿಗೆ ಕ್ಯೂ

ಚಂದ್ರಗ್ರಹಣ ನೋಡಲು ಟಿಕೇಟು ಬೇಡ, ಕಪ್ಪು ಕನ್ನಡಕ ಬೇಡ, ಟೆಲಿಸ್ಕೋಪೂ ಬೇಡ. ತಾರಸಿ ಹತ್ತಿ ಕತ್ತೆತ್ತಿದರೆ ಮುಗಿಯಿತು. ಆದರೂ 2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಬೆಂಗಳೂರಿನ ನಮ್ಮ ಬಡಾವಣೆಯ ಅರ್ಧ ಜನ ಆಟದ ಮೈದಾನದಲ್ಲಿ ಕ್ಯೂ ನಿಂತಿದ್ದರು. ಪುಕ್ಕಟೆ ಸಿಗುವುದನ್ನೂ ಸಾಲಿನಲ್ಲಿ ನಿಂತು ಪಡೆದರೇ ನಮಗೆ ಸಮಾಧಾನ.

ಅತ್ತೆಯವರ ಪಂಚಾಂಗದ ಪ್ರಕಾರ ಸ್ಪರ್ಶ 9:57ಕ್ಕೆ, ಮೋಕ್ಷ 1:26ಕ್ಕೆ. ಮೂರು ಯಾಮ ಮೊದಲೇ ಊಟ ನಿಲ್ಲಬೇಕೆಂದು ಮಧ್ಯಾಹ್ನ ಒಂದರೊಳಗೆ ಎಲ್ಲರ ತಟ್ಟೆ ಎತ್ತಿಸಿ, ಉಪ್ಪಿನಕಾಯಿ ಜಾಡಿಗೂ ನೀರಿನ ಬಿಂದಿಗೆಗೂ ದರ್ಭೆ ಹಾಕಿದ್ದರು. ಮೈದಾನದಲ್ಲಿ ವಿಜ್ಞಾನದ ಹುಡುಗರು ನಿಲ್ಲಿಸಿದ್ದ ಬೋರ್ಡಿನಲ್ಲೂ ಆರಂಭ 9:57, ಮುಕ್ತಾಯ 1:26! ನಿಮಿಷದ ವಿಷಯದಲ್ಲಿ ಎರಡು ಪಕ್ಷಕ್ಕೂ ತಕರಾರಿಲ್ಲ, ಜಗಳವೇನಿದ್ದರೂ ಊಟದ್ದು. ಅದನ್ನು ಇತ್ಯರ್ಥ ಮಾಡಲೆಂದೇ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ ತಂದಿದ್ದರು. "ತಿನ್ನಿ ಸ್ವಾಮಿ! ರಾಹುವೂ ಇಲ್ಲ, ಕೇತುವೂ ಇಲ್ಲ. ಭೂಮಿಯ ನೆರಳು ಅಂತ ಆರ್ಯಭಟ ಸಾವಿರದೈನೂರು ವರ್ಷದ ಹಿಂದೆಯೇ ಹೇಳಿಯಾಗಿದೆ." ನಾನು ಆರ್ಯಭಟನ ಗೌರವಾರ್ಥ ಒಂದು ಮುಷ್ಟಿ, ಹಸಿವಿನ ಗೌರವಾರ್ಥ ಮೂರು ಮುಷ್ಟಿ ತಿಂದೆ.

ಟೆಲಿಸ್ಕೋಪಿಗೆ ತಲೆಗೆ ಹತ್ತು ಸೆಕೆಂಡು. ಕೆಲವರು ತೆರೆಯಬೇಕಾದ ಕಣ್ಣು ಮುಚ್ಚಿ, ಮುಚ್ಚಬೇಕಾದದ್ದನ್ನು ತೆರೆದು, "ಪೂರ್ತಿ ಕತ್ತಲೆ, ಅದ್ಭುತ!" ಎಂದು ಹೊರಟರು. ನನ್ನ ಸರದಿಗೆ ಸರಿಯಾಗಿ ಮೋಡ ಬಂತು. ಭಾದ್ರಪದದ ಮೋಡಕ್ಕೆ ಪಂಚಾಂಗವೂ ಇಲ್ಲ, ಬೋರ್ಡೂ ಇಲ್ಲ.

11:01 ದಾಟಿ ಗ್ರಹಣ ಪೂರ್ಣವಾದ ಮೇಲೆ ಮೋಡ ಸರಿಯಿತು. ಚಂದ್ರ ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನಂತಿದ್ದ. "ನೆರಳೊಳಗೆ ಹೋದ್ರೆ ಕಪ್ಪಾಗ್ಬೇಕಲ್ವಾ ಅಣ್ಣಾ?" ಎಂದಳು ಒಬ್ಬ ಪುಟ್ಟಿ. "ಭೂಮಿ ಸುತ್ತ ಈಗ ಎಲ್ಲೆಲ್ಲಿ ಸೂರ್ಯ ಹುಟ್ತಾ ಇದಾನೋ, ಮುಳುಗ್ತಾ ಇದಾನೋ, ಅಲ್ಲಿನ ಕೆಂಪು ಬೆಳಕು ನಮ್ಮ ಗಾಳಿಯಲ್ಲಿ ಬಾಗಿ ಚಂದ್ರನ ಮೇಲೆ ಬೀಳುತ್ತೆ" ಎಂದ ಹುಡುಗ. ಪುಟ್ಟಿಗೆ ಅರ್ಥವಾಯಿತು. ಅವಳಪ್ಪ ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡರು.

ಪೂರ್ಣಗ್ರಹಣ 82 ನಿಮಿಷ. ಜನ ಆಕಳಿಸತೊಡಗಿದ್ದು ಕಂಡು ಹುಡುಗ ಟೆಲಿಸ್ಕೋಪನ್ನು ಪೂರ್ವಕ್ಕೆ ತುಸು ತಿರುಗಿಸಿ ಕೂಗಿದ: "ಬನ್ನಿ, ಶನಿ ತೋರಿಸ್ತೀನಿ!"

ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. "ಬೇಡಪ್ಪ, ಚಂದ್ರನೇ ಸಾಕು" ಎಂದರೊಬ್ಬರು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಮಂಡಕ್ಕಿ ಡಬ್ಬಿಯ ಮುಚ್ಚಳ ಹಾಕುತ್ತ ಮೆಲ್ಲಗೆ ಅಂದರು: "ನೀವು ನೋಡಿ. ನಂದು ಮೀನ ರಾಶಿ, ಸಾಡೇಸಾತಿ ನಡೀತಿದೆ. ನಾವಾಗೇ ಹೋಗಿ ಯಾಕೆ ಮಾತಾಡಿಸೋದು?"

ನನಗೆ ಲಾಭವೇ ಆಯಿತು. ಚಂದ್ರನಿಗೆ ಹತ್ತು ಸೆಕೆಂಡು ಕೊಟ್ಟಿದ್ದ ಹುಡುಗ ಶನಿಯನ್ನು ಬೇಕಾದಷ್ಟು ಹೊತ್ತು ನೋಡಲು ಬಿಟ್ಟ. ಆ ವರ್ಷ ಅದರ ಬಳೆ ಅಂಚು ತಿರುಗಿಸಿ ನಿಂತಿದ್ದರಿಂದ ಬರೀ ಒಂದು ಗೆರೆಯಂತೆ ಕಂಡಿತು. ನನ್ನ ರಾಶಿ ಯಾವುದೆಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಅತ್ತೆಯವರಿಗಂತೂ ನಾನು ಶನಿಯ ಸುದ್ದಿಯನ್ನೇ ಎತ್ತಲಿಲ್ಲ.